ಲೋಕದ ಧರ್ಮಗಳನ್ನು ಏಕೆ ಓದಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಧರ್ಮಗಳ ಅಧ್ಯಯನದ ಬಗ್ಗೆ ಬೆಂಗಳೂರಿನ ಓದುಕೂಟಗಳಲ್ಲೂ ಕಾಲೇಜುಗಳಲ್ಲೂ ಮಾತನಾಡಿದಾಗ ಕೊನೆಗೆ ಕೇಳಿಬಂದ ಪ್ರಶ್ನೆಗಳಲ್ಲಿ, ಆಮೇಲೆ ಪತ್ರಗಳಲ್ಲಿ ಬಂದವುಗಳಲ್ಲಿ, ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಹೆಜ್ಜೆಯ ಪ್ರಶ್ನೆಗಳು

ನಮ್ಮ ಧರ್ಮವೇ ನಮಗೆ ಸರಿಯಾಗಿ ಗೊತ್ತಿಲ್ಲ, ಬೇರೆಯವರದ್ದು ಓದಿ ಏನು ಮಾಡೋದು ಸಾರ್?

ಮೊದಲು ನಮ್ಮದನ್ನು ಓದಿ ಮುಗಿಸಿ ಆಮೇಲೆ ಬೇರೆಯವರದ್ದಕ್ಕೆ ಕೈಹಾಕಬೇಕು ಎಂಬ ಭಾವನೆ ಈ ಪ್ರಶ್ನೆಯ ಹಿಂದಿದೆ. ತನ್ನ ಧರ್ಮದ ಓದು ಯಾರಿಗೂ ಮುಗಿಯುವಂಥದ್ದಲ್ಲ. ಜೊತೆಗೆ, ಹುಟ್ಟಿದಾಗಿನಿಂದ ಕಣ್ಣೆದುರು ನಡೆಯುತ್ತ ಬಂದ ಆಚರಣೆಯ ಬಗ್ಗೆ ನಮ್ಮೊಳಗೆ ತಾನಾಗಿ ಪ್ರಶ್ನೆ ಹುಟ್ಟುವುದೂ ಅಪರೂಪ. ಅದನ್ನು ಮಾಡದವರೊಬ್ಬರು ಎದುರಿಗೆ ನಿಂತಾಗ ಆ ಪ್ರಶ್ನೆ ಹುಟ್ಟುತ್ತದೆ.

ಗೌರಿ-ಗಣೇಶ ಹಬ್ಬವನ್ನೇ ನೋಡೋಣ. "ಪೂಜೆ ಮಾಡಿದ ದೇವರನ್ನು ನೀವೇ ನೀರಿಗೆ ಬಿಡುತ್ತೀರಲ್ಲ, ಯಾಕೆ?" ಎಂದು ಮುಸ್ಲಿಂ ಸಹೋದ್ಯೋಗಿಯೊಬ್ಬರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು "ಹಿಂದಿನಿಂದ ನಡೆದುಬಂದದ್ದು" ಎಂದು ಸುಮ್ಮನಾಗುತ್ತೇವೆ. ಆ ಪ್ರಶ್ನೆಯನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವರು ಮಾತ್ರ ಆವಾಹನೆ, ಪ್ರಾಣಪ್ರತಿಷ್ಠೆ, ಉದ್ವಾಸನೆ ಎಂಬ ಕ್ರಮವನ್ನು ಹುಡುಕಿ ಹೋಗುತ್ತಾರೆ. ಮಣ್ಣಿನ ಮೂರ್ತಿಗೆ ದೇವರನ್ನು ಅತಿಥಿಯಾಗಿ ಕರೆದು, ಉಪಚರಿಸಿ, ಬೀಳ್ಕೊಟ್ಟ ಮೇಲೆ ಉಳಿಯುವುದು ಮಣ್ಣೇ ಎಂಬ ತಿಳಿವಳಿಕೆ ಆ ವಿಧಿಯೊಳಗೇ ಇದೆ ಎಂದು ಕಂಡುಕೊಳ್ಳುತ್ತಾರೆ. ಅದೇ ಹೊತ್ತಿನಲ್ಲಿ, ದೇವರನ್ನು ಯಾವ ಆಕಾರದಲ್ಲೂ ಹಿಡಿಯಬಾರದೆಂದು ಇಸ್ಲಾಂ ಏಕೆ ಅಷ್ಟು ಕಟ್ಟುನಿಟ್ಟಾಗಿ ಹೇಳುತ್ತದೆ ಎಂಬುದರ ತೂಕವೂ ಅವರಿಗೆ ತಿಳಿಯುತ್ತದೆ. 1870ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಜರ್ಮನ್ ಮೂಲದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್, ಒಂದೇ ಧರ್ಮವನ್ನು ಬಲ್ಲವನು ಯಾವುದನ್ನೂ ಬಲ್ಲವನಲ್ಲ ಎಂಬರ್ಥದ ಮಾತನ್ನು ಹೇಳಿದ್ದ. ತೀರ ಕಟುವಾದ ಮಾತು, ಒಂದೇ ಧರ್ಮದಲ್ಲಿ ಆಳವಾಗಿ ಬಾಳಿದ ಸಂತರಿಗೆ ಅದು ಸಲ್ಲದು. ಆದರೆ ನಮ್ಮಂಥ ಸಾಧಾರಣ ಓದುಗರ ಮಟ್ಟಿಗೆ ಅದರಲ್ಲಿ ಸತ್ಯವಿದೆ.

ಬೇರೆ ಧರ್ಮ ಓದಿದರೆ ಇರುವ ನಂಬಿಕೆಯೂ ಸಡಿಲವಾಗುವುದಿಲ್ಲವೇ? ಮಕ್ಕಳ ವಿಷಯದಲ್ಲಂತೂ ಭಯವಾಗುತ್ತದೆ.

ಈ ಭಯವನ್ನು ಹಗುರವಾಗಿ ತಳ್ಳಿಹಾಕಲಾರೆ. ಓದು ಮನುಷ್ಯನನ್ನು ಬದಲಿಸುವುದುಂಟು, ಬದಲಿಸುವುದಿಲ್ಲವೆಂದು ಮಾತು ಕೊಡುವುದು ಸುಳ್ಳಾದೀತು. ಆದರೂ ತಿಳಿಯುವುದು ಬೇರೆ, ಒಪ್ಪಿ ನಡೆಯುವುದು ಬೇರೆ. ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಸಂಸ್ಕೃತ ಕಲಿತು, ಪಂಡಿತರೊಡನೆ ಕುಳಿತು ಓದಿ, ಸುಮಾರು 1030ರಲ್ಲಿ ಭಾರತದ ಬಗ್ಗೆ ದೊಡ್ಡ ಗ್ರಂಥವನ್ನು ಬರೆದ. ಕೊನೆಯವರೆಗೂ ಮುಸ್ಲಿಮನಾಗಿಯೇ ಇದ್ದ. ನಮ್ಮ ಭಾಷೆಗೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್, ಕನ್ನಡದ ಶೈವ, ವೈಷ್ಣವ, ಜೈನ ಕಾವ್ಯಗಳಲ್ಲಿ ದಶಕಗಳ ಕಾಲ ಮುಳುಗಿದ್ದರೂ ಕ್ರೈಸ್ತ ಪಾದ್ರಿಯಾಗಿಯೇ ಉಳಿದ.

ಮಕ್ಕಳಿಗೆ ಸಿದ್ಧಾಂತದಿಂದ ಆರಂಭಿಸಬೇಕಾಗಿಲ್ಲ. ಪಕ್ಕದ ಮನೆಯ ಹಬ್ಬ, ಅವರ ಅಡುಗೆ, ಅವರ ಉಪವಾಸ, ಅವರ ಮನೆಯ ಮದುವೆ ಇಷ್ಟೇ ಹತ್ತು ಹನ್ನೆರಡು ವರ್ಷದವರೆಗೆ ಸಾಕು. ಇದನ್ನು ಮನೆಯಲ್ಲಿ ತಿಳಿಯದ ಮಗು ಬೇರೆ ಧರ್ಮದವರ ಬಗ್ಗೆ ಮೊದಲ ಪಾಠವನ್ನು ಮೊಬೈಲಿಗೆ ಬರುವ ದ್ವೇಷದ ಸಂದೇಶದಿಂದ ಕಲಿಯುತ್ತದೆ. ನನಗೆ ನಿಜವಾದ ಭಯವಿರುವುದು ಅಲ್ಲಿ.

ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಅಲ್ಲವೇ? ಬೇರೆ ಬೇರೆಯಾಗಿ ಓದುವುದೇಕೆ?

ಒಳ್ಳೆಯ ಮನಸ್ಸಿನಿಂದಲೇ ಈ ಮಾತು ಬರುತ್ತದೆ, ಆದರೆ ಅದು ನಿಜವಲ್ಲ. ಇಸ್ಲಾಂ ಮತ್ತು ಕ್ರೈಸ್ತ ಧರ್ಮಗಳ ಪ್ರಕಾರ ಮನುಷ್ಯನಿಗೆ ಇರುವುದು ಒಂದೇ ಬಾಳು, ಅದರ ಕೊನೆಗೆ ನ್ಯಾಯತೀರ್ಪು. ಭಾರತದಲ್ಲಿ ಹುಟ್ಟಿದ ಧರ್ಮಗಳಲ್ಲಿ ಹೆಚ್ಚಿನವು ಪುನರ್ಜನ್ಮವನ್ನು ಒಪ್ಪುತ್ತವೆ. ಆದರೆ ಜೈನರು ಶಾಶ್ವತವಾದ ಜೀವವನ್ನು ಒಪ್ಪಿದರೆ, ಬೌದ್ಧರು ಅಂಥ ನಿತ್ಯವಾದ ಆತ್ಮವಿಲ್ಲವೆನ್ನುತ್ತಾರೆ. ಕುರಾನ್ ಯೇಸುವನ್ನು ಕನ್ಯೆ ಮರಿಯಳ ಮಗನೆಂದು, ದೊಡ್ಡ ಪ್ರವಾದಿಯೆಂದು ಗೌರವಿಸುತ್ತದೆ, ದೇವರ ಮಗನೆಂದು ಮಾತ್ರ ಒಪ್ಪುವುದಿಲ್ಲ. ಕ್ರೈಸ್ತರ ನಂಬಿಕೆಯ ತಿರುಳಿರುವುದು ಅಲ್ಲಿಯೇ.

ಇದು ಕನ್ನಡಿಗರಿಗೆ ಹೊಸ ವಿಚಾರವೇನಲ್ಲ. ಶಂಕರ, ರಾಮಾನುಜ, ಮಧ್ವ ಈ ಮೂವರೂ ಅದೇ ಉಪನಿಷತ್ತುಗಳನ್ನು ಆಧಾರವಾಗಿಟ್ಟುಕೊಂಡು, ಅದೇ ಬ್ರಹ್ಮಸೂತ್ರಗಳಿಗೆ ಭಾಷ್ಯ ಬರೆದವರು. ದೇವರು, ಜೀವ, ಜಡಗಳ ನಡುವಿನ ಐದು ಬಗೆಯ ಭೇದವನ್ನು, ಎಂದರೆ ಪಂಚಭೇದವನ್ನು ಎತ್ತಿಹಿಡಿಯುವ ಉಡುಪಿಯ ವಿದ್ವಾಂಸರ ಮುಂದೆ "ನೀವು ಹೇಳುವುದೂ ಅದ್ವೈತದ ಶೃಂಗೇರಿಯವರು ಹೇಳುವುದೂ ಒಂದೇ" ಎಂದರೆ ಅವರು ಅದನ್ನು ಗೌರವವೆಂದು ಭಾವಿಸುವರೇ? ತಮ್ಮ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲವೆಂದು ಅವರು ನೊಂದುಕೊಳ್ಳುವರು. ಒಂದೇ ವೇದಾಂತದೊಳಗೆ ಇಷ್ಟು ಎಚ್ಚರ ಬೇಕಾದರೆ, ದೂರದೂರದ ನಾಡುಗಳಲ್ಲಿ ಹುಟ್ಟಿದ ಧರ್ಮಗಳ ನಡುವೆ ಇನ್ನೆಷ್ಟು ಬೇಕು.

ಹೊರಗೆ ಒಂದೇ ಎಂದು ಕಾಣುವ ಆಚರಣೆಗಳಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಉಪವಾಸ ಎಲ್ಲ ಕಡೆಯೂ ಇದೆ. ರಂಜಾನಿನ ತಿಂಗಳಲ್ಲಿ ಮುಸ್ಲಿಮರು ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ನೀರೂ ಕುಡಿಯದೆ ಇದ್ದು, ಸಂಜೆ ಒಟ್ಟಿಗೆ ಕುಳಿತು ಇಫ್ತಾರ್ ಮಾಡುತ್ತಾರೆ. ಅದು ದೇವರ ಆಜ್ಞೆಗೆ ತಲೆಬಾಗುವುದು, ಕುರಾನ್ ಇಳಿದುಬಂದ ತಿಂಗಳನ್ನು ಗೌರವಿಸುವುದು. ಏಕಾದಶಿಯ ಉಪವಾಸ ಹರಿಯ ಸನ್ನಿಧಿಯಲ್ಲಿ ದಿನ ಕಳೆಯುವ ವ್ರತ. ಪರ್ಯೂಷಣದ ದಿನಗಳಲ್ಲಿ ಜೈನರು ಕೈಗೊಳ್ಳುವ ಉಪವಾಸ, ಜೀವಕ್ಕೆ ಅಂಟಿದ ಕರ್ಮವನ್ನು ಸುಡುವ ತಪಸ್ಸು. ಯಹೂದಿಗಳು ಯೋಮ್ ಕಿಪ್ಪುರ್ ದಿನ ಪಾಪಗಳ ಕ್ಷಮೆಗಾಗಿ ಉಪವಾಸವಿರುತ್ತಾರೆ. ಕಥೋಲಿಕರ ತಪಸ್ಸುಕಾಲ, ಯೇಸು ಅರಣ್ಯದಲ್ಲಿ ಕಳೆದ 40 ದಿನಗಳ ನೆನಪು. ಎಲ್ಲರ ಹೊಟ್ಟೆಯೂ ಹಸಿದಿರುತ್ತದೆ, ಹಸಿವಿನ ಅರ್ಥ ಮಾತ್ರ ಒಂದೊಂದು ಕಡೆ ಒಂದೊಂದು. ಆ ಅರ್ಥಗಳನ್ನು ಕಲಸಿ ಒಂದು ಮುದ್ದೆ ಮಾಡಿಬಿಟ್ಟರೆ ಓದಲು ಏನೂ ಉಳಿಯುವುದಿಲ್ಲ.

ದೇಶ ಸುತ್ತಲು ನಮಗಾಗದು. ಬೆಂಗಳೂರಿನಲ್ಲೇ ಇದ್ದುಕೊಂಡು ಇದನ್ನು ಕಲಿಯಬಹುದೇ?

ಇದಕ್ಕಿಂತ ಅನುಕೂಲವಾದ ಊರು ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಬರುತ್ತದೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ. ಹಲಸೂರು ಕೆರೆಯ ದಂಡೆಯ ಗುರುದ್ವಾರದಲ್ಲಿ ಲಂಗರಿನ ಊಟಕ್ಕೆ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತಾರೆ. ಸಿಖ್ಖರ ಸಮಾನತೆಯ ಬೋಧನೆಯನ್ನು ಆ ಸಾಲಿನಲ್ಲಿ ಕೂತು ಉಂಡಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಾರದು. ಗಾಂಧಿನಗರದಲ್ಲಿ 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಸ್ಥಾಪಿಸಿದ ಮಹಾಬೋಧಿ ಸೊಸೈಟಿಯಿದೆ. ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿಮಂದಿರವಿದೆ. ಅದರೊಳಗೆ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಬಾಗಿಲ ಹೊರಗೇ ನಿಂತು, ಕೆಲವು ಸಮುದಾಯಗಳು ತಮ್ಮ ಪವಿತ್ರವನ್ನು ಹೀಗೂ ಕಾಪಾಡಿಕೊಳ್ಳುತ್ತವೆ ಎಂದು ತಿಳಿಯುವುದೂ ಅಧ್ಯಯನದ ಭಾಗವೇ.

ಅವರ ಗುಡಿ, ಮಸೀದಿ, ಚರ್ಚಿಗೆ ಹೋದರೆ ಹೇಗೆ ನಡೆದುಕೊಳ್ಳಬೇಕು?

ಮೊದಲೇ ಕೇಳಿಕೊಂಡು ಹೋದರೆ ಅರ್ಧ ಸಂಕೋಚ ಕಳೆಯುತ್ತದೆ. ಗುರುದ್ವಾರದಲ್ಲಿ ಎಲ್ಲರೂ ತಲೆ ಮುಚ್ಚಿಕೊಳ್ಳಬೇಕು, ಪಾದರಕ್ಷೆ ಬಿಡಬೇಕು. ಮಸೀದಿಗೆ ನಮಾಜಿನ ಹೊತ್ತು ಬಿಟ್ಟು, ಅಲ್ಲಿಯವರ ಅನುಮತಿ ಪಡೆದು ಹೋಗುವುದು ಲೇಸು. ಕಥೋಲಿಕರ ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಬಹುದು, ಆದರೆ ಪರಮಪ್ರಸಾದಕ್ಕೆ ಸಾಲು ನಿಲ್ಲಬಾರದು. ಅದು ಅವರಿಗೆ ಹಂಚುವ ತಿನಿಸಲ್ಲ, ಯೇಸುವಿನ ಶರೀರ. ನಿಮ್ಮ ಮನಸ್ಸು ಒಪ್ಪದ್ದನ್ನು ನೀವೂ ಮಾಡಬೇಕಿಲ್ಲ, ಕೈಮುಗಿದು ವಿನಯದಿಂದ ಬೇಡವೆಂದರೆ ಯಾರೂ ಬೇಸರಿಸುವುದಿಲ್ಲ. ಫೋಟೊ ತೆಗೆಯಲೇಬೇಡಿ ಎನ್ನುವುದು ನನ್ನ ಸಲಹೆ.

## ಓದಿನ ದಾರಿ

ಎಲ್ಲಿಂದ ಶುರು ಮಾಡಬೇಕು? ನೇರವಾಗಿ ಬೈಬಲ್, ಕುರಾನ್ ಹಿಡಿದು ಓದಿಬಿಡಲೇ?

ಹಾಗೆ ಹಿಡಿದವರಲ್ಲಿ ಹೆಚ್ಚಿನವರು ಐವತ್ತನೆಯ ಪುಟದ ಹೊತ್ತಿಗೆ ಬಿಟ್ಟಿರುತ್ತಾರೆ, ತಪ್ಪು ಅವರದ್ದಲ್ಲ. ಕುರಾನಿನ 114 ಅಧ್ಯಾಯಗಳು ಅವತರಿಸಿದ ಕಾಲಕ್ರಮದಲ್ಲಿ ಜೋಡಣೆಯಾಗಿಲ್ಲ, ಮೊದಲ ಚಿಕ್ಕ ಪ್ರಾರ್ಥನೆಯ ನಂತರ ಸ್ಥೂಲವಾಗಿ ದೊಡ್ಡದರಿಂದ ಚಿಕ್ಕದಕ್ಕೆ ಸಾಗುತ್ತವೆ. ಯಾವ ಸಂದರ್ಭದಲ್ಲಿ ಯಾವ ವಚನ ಬಂತೆಂಬುದನ್ನು ವ್ಯಾಖ್ಯಾನಗಳಿಂದ ತಿಳಿಯಬೇಕು. ಬೈಬಲ್ ಎಂಬುದು ಒಂದು ಪುಸ್ತಕವಲ್ಲ, ಶತಮಾನಗಳ ಉದ್ದಕ್ಕೂ ರಚನೆಯಾದ ಗ್ರಂಥಗಳ ಸಂಗ್ರಹ: ಪ್ರೊಟೆಸ್ಟಂಟರ ಬೈಬಲಿನಲ್ಲಿ 66, ಕಥೋಲಿಕರದ್ದರಲ್ಲಿ 73. ಸಿಖ್ಖರ ಗುರು ಗ್ರಂಥ ಸಾಹಿಬ್ ರಾಗಗಳಿಗೆ ಅನುಗುಣವಾಗಿ ಜೋಡಣೆಯಾದದ್ದು, ಗುರುಗಳ ವಾಣಿಯ ಜೊತೆ ಕಬೀರ, ನಾಮದೇವ, ರವಿದಾಸ, ಶೇಖ್ ಫರೀದರ ಪದಗಳನ್ನೂ ಒಳಗೊಂಡದ್ದು. ಅದನ್ನು ಕೀರ್ತನೆಯಲ್ಲಿ ಕೇಳದೆ ಬರಿಗಣ್ಣಿನಲ್ಲಿ ಓದಿದವರಿಗೆ ಅರ್ಧವಷ್ಟೇ ದಕ್ಕುತ್ತದೆ.

ಆದ್ದರಿಂದ ಒಂದು ಹಬ್ಬವನ್ನೋ, ಜನನ, ಮದುವೆ, ಮರಣದ ಒಂದು ಸಂಸ್ಕಾರವನ್ನೋ ಹಿಡಿದು ಒಳಗೆ ಹೋಗಿ ಎನ್ನುತ್ತೇನೆ. ಉದಾಹರಣೆಗೆ ಶವವನ್ನು ಸುಡುವುದು, ಹೂಳುವುದು, ಪಾರ್ಸಿಗಳ ಹಾಗೆ ಮೌನಗೋಪುರದಲ್ಲಿ ಹದ್ದುಗಳಿಗೆ ಬಿಟ್ಟು ಇಡುವುದು, ಲಿಂಗಾಯತರ ಹಾಗೆ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದು ಇವುಗಳ ಕಾರಣಗಳನ್ನು ಬೆನ್ನುಹತ್ತಿದರೆ ದೇಹ, ಜೀವ, ಪರಲೋಕ, ಶುದ್ಧಿ ಎಲ್ಲದರ ಬಗ್ಗೆ ಆಯಾ ಧರ್ಮದ ಚಿಂತನೆ ತೆರೆದುಕೊಳ್ಳುತ್ತದೆ. ಆಮೇಲೆ ಒಂದು ಸಣ್ಣ ಇತಿಹಾಸ, ಅದಾದ ಮೇಲೆ ವ್ಯಾಖ್ಯಾನ ಸಹಿತ ಮೂಲಗ್ರಂಥ. ಒಂದು ವರ್ಷಕ್ಕೆ ಒಂದೇ ಧರ್ಮ ಸಾಕು.

ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ. ಯಾರನ್ನು ನಂಬುವುದು?

ಒಳಗಿನವರನ್ನೂ ಓದಬೇಕು, ಹೊರಗಿನವರನ್ನೂ ಓದಬೇಕು. ಒಳಗಿನವರಿಗೆ ತಮ್ಮ ನಂಬಿಕೆಯ ರುಚಿ ಗೊತ್ತು. ಹೊರಗಿನವರು ಒಳಗಿನವರು ಎತ್ತಲು ಹಿಂಜರಿಯುವ ಪ್ರಶ್ನೆಗಳನ್ನು ಎತ್ತುತ್ತಾರೆ. ಲೇಖಕನ ನಿಲುವನ್ನು ಗಮನಿಸುವುದು ಮಾತ್ರ ಎರಡೂ ಕಡೆ ಅಗತ್ಯ. ಮ್ಯಾಕ್ಸ್ ಮುಲ್ಲರ್ ಸಂಪಾದಕತ್ವದಲ್ಲಿ 1879ರಿಂದ 1910ರವರೆಗೆ ಪೂರ್ವದೇಶಗಳ ಪವಿತ್ರ ಗ್ರಂಥಗಳ ಅನುವಾದ 50 ಸಂಪುಟಗಳಲ್ಲಿ ಹೊರಬಂತು. ಇಂದಿಗೂ ವಿದ್ವಾಂಸರು ಅದನ್ನು ತಿರುವಿಹಾಕುತ್ತಾರೆ. ಆದರೆ ಅದರ ಸಂಪಾದಕ ಒಮ್ಮೆಯೂ ಭಾರತಕ್ಕೆ ಬಂದವನಲ್ಲ, ಧರ್ಮವೆಂದರೆ ಗ್ರಂಥ ಎಂಬ ಭಾವನೆ ಇಡೀ ಮಾಲೆಯ ತಳಹದಿಯಲ್ಲಿದೆ. ಮಾರಮ್ಮನ ಜಾತ್ರೆಗೂ ಭೂತಾರಾಧನೆಗೂ ಅದರಲ್ಲಿ ಜಾಗವಿರಲು ಸಾಧ್ಯವಿರಲಿಲ್ಲ.

ನಾನು ಪಾಲಿಸುವ ಒಂದು ಪರೀಕ್ಷೆಯಿದೆ. ಒಂದು ಧರ್ಮದ ಬಗ್ಗೆ ಓದಿದ್ದನ್ನು ಅದೇ ಧರ್ಮದ ತಿಳಿದವರೊಬ್ಬರ ಮುಂದೆ ಹೇಳಿದಾಗ "ಹೌದು, ನಾವು ನಂಬುವುದು ಇದನ್ನೇ" ಎಂದು ಅವರು ಒಪ್ಪಬೇಕು. ಟೀಕೆಗೆ ಅಧಿಕಾರ ಬರುವುದು ಅದಾದ ಮೇಲೆ.

ಸರ್ಕಾರಿ ಶಾಲೆಯಲ್ಲಿ ಧರ್ಮಗಳ ಬಗ್ಗೆ ಪಾಠ ಮಾಡಲು ಕಾನೂನು ಬಿಡುತ್ತದೆಯೇ?

ಸಂವಿಧಾನದ 28ನೆಯ ವಿಧಿ, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅವರು ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಅಂಥ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಆದರೆ ಒಂದು ಧರ್ಮವನ್ನು ಬೋಧಿಸುವುದೂ ಧರ್ಮಗಳ ಬಗ್ಗೆ ತಿಳಿಸುವುದೂ ಬೇರೆ ಬೇರೆ ಎಂಬುದನ್ನು 1964-66ರ ಕೊಠಾರಿ ಶಿಕ್ಷಣ ಆಯೋಗವೇ ಸ್ಪಷ್ಟವಾಗಿ ಗುರುತಿಸಿತ್ತು. ಪಠ್ಯಕ್ರಮದ ಚೌಕಟ್ಟಿನ ಕುರಿತ ಮೊಕದ್ದಮೆಯೊಂದರಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಧರ್ಮಗಳ ಬಗೆಗಿನ ಅಧ್ಯಯನ 28ನೆಯ ವಿಧಿಗೆ ವಿರುದ್ಧವಲ್ಲ ಎಂದು ಹೇಳಿತು. ಹೀಗಾಗಿ ತೊಡಕಿರುವುದು ಕಾನೂನಿನಲ್ಲಲ್ಲ. ಇದನ್ನು ಪಕ್ಷಪಾತವಿಲ್ಲದೆ ಕಲಿಸುವ ತರಬೇತಿ ನಮ್ಮ ಶಿಕ್ಷಕರಿಗೆ ಸಿಗುತ್ತಿಲ್ಲ.

ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?

ನೇರವಾಗಿ ಸಿಗುವ ಕೆಲಸಗಳು ಕಡಿಮೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಂಥ ಕೆಲವೆಡೆ ಪ್ರತ್ಯೇಕ ವಿಭಾಗಗಳಿವೆ; ನಮ್ಮ ಊರಿನಲ್ಲೇ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿದೆ, ಅದು ಮುಖ್ಯವಾಗಿ ಕ್ರೈಸ್ತ ಸೇವೆಗೆ ಸಿದ್ಧಪಡಿಸುವ ಸಂಸ್ಥೆ. ಪತ್ರಿಕೋದ್ಯಮ, ಕಾನೂನು, ಆಸ್ಪತ್ರೆ, ಶಾಲೆ, ಆಡಳಿತ ಇಂಥ ಕೆಲಸಗಳಲ್ಲಿರುವವರಿಗೆ ಮಾತ್ರ ಈ ತಿಳಿವಳಿಕೆ ದಿನವೂ ಬೇಕಾಗುತ್ತದೆ.

## ಆಳಕ್ಕಿಳಿದವರ ಪ್ರಶ್ನೆಗಳು

ನಮ್ಮ ಹಿರಿಯರು ಪರಧರ್ಮಗಳನ್ನು ಓದುತ್ತಿದ್ದರೇ, ಅಥವಾ ಇದೆಲ್ಲ ಪಶ್ಚಿಮದಿಂದ ಬಂದ ಅಭ್ಯಾಸವೇ?

ವಿಶ್ವವಿದ್ಯಾಲಯದ ವಿಭಾಗವಾಗಿ ಅದು ಪಶ್ಚಿಮದಿಂದ ಬಂತು. ಅಭ್ಯಾಸವಾಗಿ ಅದು ನಮ್ಮಲ್ಲಿ ಬಹಳ ಹಳೆಯದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವೂ ಇದೆ. ತನ್ನ ಪಂಥವನ್ನು ಹೊಗಳಲು ಇತರರ ಪಂಥವನ್ನು ತೆಗಳುವವನು ತನ್ನದಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ, ಆದ್ದರಿಂದ ನಾಲಗೆಯನ್ನು ಹಿಡಿತದಲ್ಲಿಟ್ಟುಕೊಂಡು ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಬೇಕು ಎಂಬುದು ಆ ಹನ್ನೆರಡನೆಯ ಶಾಸನದ ಸಾರ.

ತತ್ತ್ವಶಾಸ್ತ್ರದಲ್ಲಿ ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ನಿರೂಪಿಸದೆ ಸಿದ್ಧಾಂತಕ್ಕೆ ಬರುವಂತಿರಲಿಲ್ಲ. ಜೈನ ಆಚಾರ್ಯ ಹರಿಭದ್ರಸೂರಿ ಆರು ದರ್ಶನಗಳನ್ನು ಸಂಗ್ರಹಿಸಿ ಬರೆದ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹ, ವೇದವನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರಿಂದ ಆರಂಭಿಸಿ 16 ದರ್ಶನಗಳನ್ನು ಪರಿಚಯಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಕೊನೆಗೆ ಖಂಡನೆಗಾಗಿಯೇ ಬರೆದವು ಎಂಬುದನ್ನು ಮರೆಯಬಾರದು. ಆದರೂ ಚಾರ್ವಾಕರ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರ ಎದುರಾಳಿಗಳು ಕಾಪಾಡಿ ಕೊಟ್ಟದ್ದು. ಮೊಘಲ್ ರಾಜಕುಮಾರ ದಾರಾ ಶಿಕೋ ಪಂಡಿತರ ನೆರವಿನಿಂದ ಸುಮಾರು 50 ಉಪನಿಷತ್ತುಗಳನ್ನು 1657ರಲ್ಲಿ ಪಾರಸಿಗೆ ತಂದ. ಆ ಪಾರಸಿಯಿಂದ ಲ್ಯಾಟಿನ್ನಿಗೆ ಹೋದ ಅನುವಾದದ ಮೂಲಕ ಯೂರೋಪಿನ ತತ್ತ್ವಜ್ಞಾನಿಗಳು ಉಪನಿಷತ್ತುಗಳನ್ನು ಓದಿದರು.

ಬೆಂಗಳೂರಿನವರಿಗೆ ಹತ್ತಿರದ ಸಾಕ್ಷಿಯೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು, ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಜ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೂ ಇದೆ ಎಂದು ತೀರ್ಪು ಕೊಟ್ಟ. ಶ್ರವಣಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸುವ ಹೊಣೆಯನ್ನು ವೈಷ್ಣವರಿಗೇ ವಹಿಸಲಾಯಿತು. ಈ ಶಾಸನ ಶ್ರವಣಬೆಳಗೊಳದಲ್ಲೂ ಇದೆ, ಕಲ್ಯದಲ್ಲೂ ಇದೆ. ಭೇದವಿಲ್ಲವೆಂದು ರಾಜ ಹೇಳಿದ್ದು ಸಿದ್ಧಾಂತದ ಬಗ್ಗೆಯೆಂದು ನನಗನ್ನಿಸುವುದಿಲ್ಲ, ಹಕ್ಕಿನ ಬಗ್ಗೆ. ಜಗಳ ನಡೆದಿತ್ತು ಎಂಬುದನ್ನೂ ಆ ಕಲ್ಲು ಮುಚ್ಚಿಡುವುದಿಲ್ಲ, ಅದಕ್ಕೇ ಅದರ ಮೇಲೆ ನನಗೆ ಇಷ್ಟು ಅಭಿಮಾನ.

ಧರ್ಮದ ಹೆಸರಿನ ಹಿಂಸೆ, ಜಾತಿ, ಹೆಣ್ಣಿನ ಮೇಲಿನ ಕಟ್ಟುಪಾಡು ಇವನ್ನೆಲ್ಲ ಕಂಡೂ ಕಾಣದಂತೆ ಗೌರವ ಕೊಡಬೇಕೇ?

ಖಂಡಿತ ಬೇಡ. ಕಂಡೂ ಕಾಣದಂತಿರುವುದು ಅಧ್ಯಯನವಾಗುವುದಿಲ್ಲ. ಪಾಲಿಸಬೇಕಾದದ್ದು ಒಂದೇ ನ್ಯಾಯ: ಆದರ್ಶವನ್ನು ಆದರ್ಶದೊಡನೆ, ನಡತೆಯನ್ನು ನಡತೆಯೊಡನೆ ಹೋಲಿಸಬೇಕು. ನಮ್ಮ ಉಪನಿಷತ್ತನ್ನು ಅವರ ಗಲಭೆಯೊಡನೆ ತೂಗುವುದು, ಅವರ ಪ್ರೀತಿಯ ಬೋಧನೆಯನ್ನು ನಮ್ಮ ಅಸ್ಪೃಶ್ಯತೆಯೊಡನೆ ತೂಗುವುದು, ಎರಡೂ ಮೋಸದ ತಕ್ಕಡಿ.

ಎಲ್ಲ ಧರ್ಮಗಳ ಒಳಗೂ ಅವುಗಳನ್ನು ಪ್ರಶ್ನಿಸಿದವರಿದ್ದಾರೆ. ಹನ್ನೆರಡನೆಯ ಶತಮಾನದ ಶರಣರನ್ನು ಕನ್ನಡಿಗರಿಗೆ ನೆನಪಿಸಬೇಕಿಲ್ಲ. ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದವರೂ ವಿರೋಧಿಸಿದವರೂ ಅದೇ ಬೈಬಲನ್ನು ಕೈಯಲ್ಲಿ ಹಿಡಿದಿದ್ದರು. 2000ದ ಮಾರ್ಚ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ಧರ್ಮಸಭೆಯ ಮಕ್ಕಳು ಹಿಂದೆ ಎಸಗಿದ ತಪ್ಪುಗಳಿಗಾಗಿ ದೇವರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು.

ಇನ್ನು ಡಾ. ಬಿ.ಆರ್. ಅಂಬೇಡ್ಕರ್. ಹಿಂದೂವಾಗಿ ಸಾಯುವುದಿಲ್ಲವೆಂದು ಅವರು 1935ರಲ್ಲಿ ಯೇವಲದಲ್ಲಿ ಘೋಷಿಸಿದರು, ಬೌದ್ಧ ಧರ್ಮವನ್ನು ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ. ನಡುವಿನ ಎರಡು ದಶಕ ಅವರು ಧರ್ಮಗಳನ್ನು ಓದಿದರು, ಒಂದರೊಡನೊಂದನ್ನು ಹೋಲಿಸಿದರು. ಧರ್ಮಾಧ್ಯಯನ ಬಿಡುವಿದ್ದವರ ಹವ್ಯಾಸ ಎನ್ನುವವರು ಆ ಎರಡು ದಶಕಗಳನ್ನು ಯೋಚಿಸಬೇಕು. ಲಕ್ಷಾಂತರ ಜನರ ಬಾಳಿನ ಘನತೆ ಆ ಓದನ್ನು ಅವಲಂಬಿಸಿತ್ತು.

ನಾನು ದೇವರನ್ನು ನಂಬುವುದಿಲ್ಲ. ನನಗೆ ಇದರಿಂದ ಏನು?

ನಂಬದಿರುವುದಕ್ಕೂ ಹಲವು ಬಗೆಗಳಿವೆಯೆಂದು ತಿಳಿಯುತ್ತದೆ. ಜೈನರೂ ಬೌದ್ಧರೂ ಜಗತ್ತಿಗೆ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ವೇದವನ್ನೇ ಪರಮ ಪ್ರಮಾಣವೆಂದ ಪೂರ್ವಮೀಮಾಂಸಕರಿಗೂ ಅಂಥ ಈಶ್ವರ ಬೇಕಾಗಲಿಲ್ಲ. ಧರ್ಮವೆಂದರೆ ದೇವರಲ್ಲಿ ನಂಬಿಕೆ ಎಂಬ ಸಮೀಕರಣವನ್ನು ನಂಬುವವರೂ ನಂಬದವರೂ ಸಮನಾಗಿ ಹಿಡಿದುಕೊಂಡಿರುತ್ತಾರೆ, ಈ ಓದು ಅದನ್ನು ಬಿಡಿಸುತ್ತದೆ.

ಒಬ್ಬರ ಧರ್ಮ ಗೊತ್ತಾದರೆ ಅವರು ಏನು ನಂಬುತ್ತಾರೆ ಎಂದು ಹೇಳಿಬಿಡಬಹುದಲ್ಲವೇ?

2011ರ ಜನಗಣತಿ ಕರ್ನಾಟಕದ ಜನರಲ್ಲಿ ಶೇ. 84ರಷ್ಟು ಹಿಂದೂಗಳು, ಶೇ. 12.9ರಷ್ಟು ಮುಸ್ಲಿಮರು, ಶೇ. 1.9ರಷ್ಟು ಕ್ರೈಸ್ತರು, ಶೇ. 0.7ರಷ್ಟು ಜೈನರು ಎಂದು ಲೆಕ್ಕ ಕೊಡುತ್ತದೆ. ಆಡಳಿತಕ್ಕೆ ಅಷ್ಟು ಸಾಕು, ಮನುಷ್ಯರನ್ನು ಅರಿಯಲು ಸಾಲದು. ಬೆಂಗಳೂರಿನ ಮುಸ್ಲಿಮರಲ್ಲೇ ದಖನಿ ಆಡುವವರು, ಬ್ಯಾರಿಗಳು, ಕೇರಳದ ಮಾಪಿಳ್ಳೆಗಳು, ಕಛ್ಛಿ ಮೇಮನರು, ಶಿಯಾಗಳು, ಬೊಹ್ರಾಗಳು ಇದ್ದಾರೆ. ಕ್ರೈಸ್ತರಲ್ಲಿ ಮಂಗಳೂರಿನ ಕೊಂಕಣಿ ಕಥೋಲಿಕರು, ತಮಿಳರು, ಕನ್ನಡಿಗರು, ಕೇರಳದ ಸಿರಿಯನ್ ಕ್ರೈಸ್ತರು, ಪ್ರೊಟೆಸ್ಟಂಟರು ಇದ್ದಾರೆ. ಅವರ ಪೂಜಾಕ್ರಮಗಳು ಬೇರೆ, ಕೆಲವೊಮ್ಮೆ ಸಿದ್ಧಾಂತವೂ ಬೇರೆ. ಜಪಾನಿನಲ್ಲಿ ಮಗುವನ್ನು ಶಿಂಟೋ ಗುಡಿಗೆ ಕರೆದೊಯ್ಯುವ ಮನೆಯವರೇ ಉತ್ತರಕ್ರಿಯೆಯನ್ನು ಬೌದ್ಧ ಭಿಕ್ಷುಗಳಿಂದ ಮಾಡಿಸುವುದು ಸಾಮಾನ್ಯ. ಒಬ್ಬರಿಗೆ ಒಂದೇ ಧರ್ಮ ಎಂಬ ಜನಗಣತಿಯ ಕಲ್ಪನೆ ಅಲ್ಲಿ ನಿಲ್ಲುವುದಿಲ್ಲ. ಕರಗದ ಜೊತೆ ದರ್ಗಾಕ್ಕೂ ನಡೆಯುವವರ ಮಟ್ಟಿಗೆ ಇಲ್ಲಿಯೂ ಪೂರ್ತಿಯಾಗಿ ನಿಲ್ಲುವುದಿಲ್ಲ.

ಎರಡು ಧರ್ಮಗಳು ಒಂದಕ್ಕೊಂದು ವಿರುದ್ಧವಾಗಿ ಹೇಳಿದರೆ, ಯಾವುದು ನಿಜವೆಂದು ಈ ಅಧ್ಯಯನ ತೀರ್ಮಾನಿಸುತ್ತದೆಯೇ?

ಪೂರ್ತಿಯಾಗಿ ಅಲ್ಲ. ಆದರೆ ಭಿನ್ನಾಭಿಪ್ರಾಯ ನಿಖರವಾಗಿ ಎಲ್ಲಿದೆ, ಅದರ ಯಾವ ಭಾಗವನ್ನು ಸಾಕ್ಷ್ಯದಿಂದ ಪರಿಶೀಲಿಸಬಹುದು, ಯಾವ ಭಾಗವನ್ನು ಆಗದು ಎಂಬುದನ್ನು ಬೇರ್ಪಡಿಸಿ ತೋರಿಸುತ್ತದೆ. ಯೇಸುವನ್ನು ಶಿಲುಬೆಗೇರಿಸಿ ಕೊಲ್ಲಲಾಯಿತೆಂದು ನಾಲ್ಕು ಶುಭಸಂದೇಶಗಳೂ ಹೇಳುತ್ತವೆ. ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಹಾಗೆ ತೋರುವಂತೆ ಮಾಡಲಾಯಿತು ಎಂದು ಕುರಾನಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಒಂದನೆಯ ಶತಮಾನದ ರೋಮನ್ ಆಳ್ವಿಕೆಯಲ್ಲಿ ನಡೆದ ಮರಣದಂಡನೆಯೊಂದರ ಬಗ್ಗೆ ಇತಿಹಾಸಕಾರ ಮಾತನಾಡಬಲ್ಲ, ಹೆಚ್ಚಿನ ಇತಿಹಾಸಕಾರರು ಅದು ನಡೆಯಿತೆಂದೇ ಒಪ್ಪುತ್ತಾರೆ. ಆ ಸಾವು ಲೋಕದ ಪಾಪವನ್ನು ಕಳೆಯಿತೇ, ತನ್ನ ಪ್ರವಾದಿಯನ್ನು ದೇವರು ಅವಮಾನದ ಸಾವಿಗೆ ಬಿಟ್ಟಾನೇ ಎಂಬ ಪ್ರಶ್ನೆಗಳು ಅವನ ಕೈಗೆ ಸಿಗುವುದಿಲ್ಲ. ಮೊದಲನೆಯದು ಕ್ರೈಸ್ತರ ಪ್ರಶ್ನೆ, ಎರಡನೆಯದರ ಹಿಂದೆ ಪ್ರವಾದಿಗಳ ಬಗ್ಗೆ ಮುಸ್ಲಿಮರಿಗಿರುವ ಅಪಾರ ಗೌರವವಿದೆ. ಅಧ್ಯಯನ ಮಾಡಿದವರು ಈ ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸದೆ ಒಂದೊಂದಾಗಿ ಎತ್ತಿಕೊಂಡು, ಇಬ್ಬರೊಡನೆಯೂ ಕುಳಿತು ಚರ್ಚಿಸಬಲ್ಲರು. ನಂಬುವುದು ಯಾವುದನ್ನು ಎಂಬ ತೀರ್ಮಾನ ಓದುಗರದ್ದೇ.